ಸೂಡಿಯ ಅಕ್ಕಾದೇವಿ ಮತ್ತು ಮೂವತ್ತು ತಿಂಗಳ ಅಧ್ಯಕ್ಷೆ

ಗಜೇಂದ್ರಗಡದ ಹತ್ತಿರ ಸೂಡಿ ಎಂಬ ಊರಿದೆ. ಹಳೆಯ ರೋಣ ಸೀಮೆ, ಎರೆ ಹೊಲಗಳ ನಾಡು. ಇಲ್ಲಿಗೆ ಬಂದವರು ಜೋಡು ಕಳಸದ ಗುಡಿ ನೋಡುತ್ತಾರೆ, ನಾಗಕುಂಡದ ಮೆಟ್ಟಿಲಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಹೊತ್ತು ಮುಳುಗುವುದರೊಳಗೆ ಬಾದಾಮಿಯ ದಾರಿ ಹಿಡಿಯುತ್ತಾರೆ. ಸಾವಿರ ವರ್ಷದ ಹಿಂದೆ ಇದು ಹಳ್ಳಿಯಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಟಂಕಸಾಲೆ ಇದ್ದ ಪಟ್ಟಣ, ಸೆಟ್ಟಿಗಳ ಊರು. ಈ ಊರನ್ನೂ ಇದರ ಸುತ್ತಲಿನ ನಾಡನ್ನೂ ಐವತ್ತು ವರ್ಷಗಳಷ್ಟು ಕಾಲ ಆಳಿದವಳು ಒಬ್ಬ ಹೆಣ್ಣುಮಗಳು ಎಂಬ ಮಾತು ಬಂದು ಹೋಗುವವರ ಕಿವಿಗೆ ಬೀಳುವುದು ಅಪರೂಪ.

ಆಕೆಯ ಹೆಸರು ಅಕ್ಕಾದೇವಿ. ಆಕೆಯ ಆಳ್ವಿಕೆಯ ಒಂದೇ ಒಂದು ಸಂದರ್ಭವನ್ನು ಇಲ್ಲಿ ಬಿಡಿಸಿ ನೋಡುತ್ತೇನೆ: 1050ರ ಸುಮಾರಿಗೆ, ಯುದ್ಧದ ಹೊಡೆತಕ್ಕೆ ಸಡಿಲಾಗಿದ್ದ ಸೂಡಿಯ ಊರಾಡಳಿತವನ್ನು ಆಕೆಯ ಮಂತ್ರಿಗಳು ಕೂತು ಮತ್ತೆ ಕಟ್ಟಿಕೊಟ್ಟಿದ್ದು. ಅದರ ಪಕ್ಕಕ್ಕೆ, ಇದೇ ಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಹತ್ತಿರದಿಂದ ಕಂಡ ಅಧ್ಯಕ್ಷೆಯೊಬ್ಬರ ಮೂವತ್ತು ತಿಂಗಳನ್ನು ಇಡುತ್ತೇನೆ. ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಾಠ ಹೇಳುವುದು ನನ್ನ ಕೆಲಸ. ಪ್ರತಿ ಚುನಾವಣೆ ಮುಗಿದ ಮೇಲೂ ಹೊಸದಾಗಿ ಆಯ್ಕೆಯಾದ ಹೆಣ್ಣುಮಕ್ಕಳು ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ, ಅವರ ಯಜಮಾನರು ಬಾಗಿಲ ಹೊರಗೆ ಬೈಕಿನ ಮೇಲೆ ಕೂತಿರುತ್ತಾರೆ. ಕುರ್ಚಿಯಂತೂ ಸಿಕ್ಕಿತು, ಅಧಿಕಾರ ಇವರ ಕೈಗೆ ಬರುವುದು ಯಾವಾಗ ಎಂದು ಆಗೆಲ್ಲ ಅನಿಸುತ್ತದೆ. ಸೂಡಿಯ ಕಲ್ಲಿನ ಹತ್ತಿರ ನನ್ನನ್ನು ಕರೆತಂದದ್ದು ಇದೇ ಪ್ರಶ್ನೆ.

ಯಾರ ಮನೆಯ ಮಗಳು

ಅಕ್ಕಾದೇವಿ ಕಲ್ಯಾಣ ಚಾಲುಕ್ಯರ ಮನೆಯ ಮಗಳು. 1008ರಲ್ಲಿ ಪಟ್ಟಕ್ಕೆ ಬಂದ ಐದನೇ ವಿಕ್ರಮಾದಿತ್ಯ, 1015ರ ಹೊತ್ತಿಗೆ ಪಟ್ಟಕ್ಕೆ ಬಂದ ಎರಡನೇ ಜಯಸಿಂಹ, ಇಬ್ಬರೂ ಆಕೆಯ ಒಡಹುಟ್ಟಿದವರು. ಜಯಸಿಂಹನ ಮಗ ಒಂದನೇ ಸೋಮೇಶ್ವರನಿಗೆ ಸೋದರತ್ತೆ. ಮೂವರು ದೊರೆಗಳ ಕಾಲದುದ್ದಕ್ಕೂ ಆಕೆಯ ಹೆಸರು ಶಾಸನಗಳಲ್ಲಿ ಬರುತ್ತಲೇ ಇದೆ. ಮೊದಲು ಕಾಣಿಸುವುದು 1010ರ ಸೂಡಿಯ ಶಾಸನದಲ್ಲಿ, ಕೊನೆಗೆ 1060ರ ದಶಕದಲ್ಲಿ.

ಆಕೆಗೆ ಕೊಟ್ಟಿದ್ದ ನಾಡು ಕಿಸುಕಾಡು ಎಪ್ಪತ್ತು. ಕಿಸು ಎಂದರೆ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು. ಮಲಪ್ರಭೆಯ ಕೆಂಪು ಬಂಡೆಗಳಿಂದ ಹಿಡಿದು ರೋಣದ ಕಪ್ಪು ಎರೆಯವರೆಗಿನ ಹಳ್ಳಿಗಳ ನಾಡು ಇದು. ಹೆಸರಿನ ಕೊನೆಯ ಎಪ್ಪತ್ತು ಎಂಬುದು ಆ ಕಾಲದ ಆಡಳಿತ ಲೆಕ್ಕ, ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ), ಬೆಳ್ವೊಲ ಮುನ್ನೂರು ಅನ್ನುತ್ತಿದ್ದ ಹಾಗೆ. ಮುಂದೆ ಕಿಸುಕಾಡಿನ ಜೊತೆಗೆ ಬೇರೆ ನಾಡುಗಳೂ ಆಕೆಯ ಕೈಗೆ ಬಂದವು. ಆದರೆ ಮೊದಲಿಂದ ಕೊನೆಯವರೆಗೆ ಆಕೆಯ ಹೆಸರಿಗೆ ಅಂಟಿಕೊಂಡು ಬಂದದ್ದು ಕಿಸುಕಾಡೇ.

ಇಲ್ಲಿ ಒಂದು ಸಂಗತಿಯನ್ನು ಬಿಡಬಾರದು. ಆಕೆಯನ್ನು ಹಾನಗಲ್ಲಿನ ಕದಂಬರ ಮನೆಗೆ ಕೊಟ್ಟಿದ್ದರು. ಮದುವೆಯಾದ ಮೇಲೂ ಕಿಸುಕಾಡಿನ ಆಳ್ವಿಕೆ ಗಂಡನ ಹೆಸರಿಗೆ ಹೋಗಲಿಲ್ಲ. 1010ರಲ್ಲಿ ಆಳುತ್ತಿದ್ದವಳು ಅಕ್ಕಾದೇವಿ, ನಲವತ್ತು ವರ್ಷ ಕಳೆದು 1050ಕ್ಕೆ ಬಂದರೂ ಅಕ್ಕಾದೇವಿಯೇ. ಅಣ್ಣ ಹೋಗಿ ತಮ್ಮನ ಕಾಲ ಬಂತು, ತಮ್ಮ ಹೋಗಿ ಅಳಿಯನ ಕಾಲ ಬಂತು. ನಾಡಿನವರಿಗೆ ಮಾತ್ರ ಒಡತಿ ಬದಲಾಗಲಿಲ್ಲ. 1010ರಲ್ಲಿ ಹುಟ್ಟಿದ ಸೂಡಿಯ ಒಂದು ಮಗು ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತು, ಆ ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿದಾಗಲೂ ಊರಿಗೆ ದೊಡ್ಡವಳೆಂದರೆ ಅಕ್ಕಾದೇವಿಯೇ ಆಗಿದ್ದಳು. ಹೆಣ್ಣಿನ ಮಾತಿಗೆ ಊರು ಒಗ್ಗಿಕೊಳ್ಳಲು ಇಷ್ಟು ಕಾಲ ಸಿಗುವುದು ಸಣ್ಣ ಮಾತಲ್ಲ.

ಶಾಸನಗಳು ಆಕೆಯನ್ನು ಗುಣದಬೆಡಂಗಿ ಎನ್ನುತ್ತವೆ. ಬೆಡಗು ರೂಪದ್ದಲ್ಲ, ಗುಣದ್ದು. ಎಷ್ಟು ಚೆಂದದ ಕನ್ನಡ ಬಿರುದು! ರಣದಲ್ಲಿ ಭೈರವಿ ಎಂದೂ ಹೊಗಳುತ್ತವೆ, ಅದಕ್ಕೆ ಆಧಾರವೂ ಇದೆ. 1047ರಲ್ಲಿ ಆಕೆ ಗೋಕಾಗೆಯ ಕೋಟೆಗೆ, ಅಂದರೆ ಇಂದಿನ ಗೋಕಾಕಕ್ಕೆ, ಮುತ್ತಿಗೆ ಹಾಕಿ ಕೂತಿದ್ದಳು. ಅಣ್ಣನ ಕಾಲಕ್ಕೇ ನಾಡಾಳುತ್ತಿದ್ದವಳು, ಆ ಹೊತ್ತಿಗೆ ವಯಸ್ಸಿನಲ್ಲಿ ಸಾಕಷ್ಟು ಹಿರಿಯಳೇ ಆಗಿರಬೇಕು. ಆ ವಯಸ್ಸಿನಲ್ಲಿ ದಂಡಿನ ಬೀಡಿನಲ್ಲಿ ಇದ್ದಳು. ಅದನ್ನು ಹೇಳುವ ಶಾಸನ ಇರುವುದು ಬಾಗಲಕೋಟೆ ಜಿಲ್ಲೆಯ ಅರಸಿಬೀದಿಯಲ್ಲಿ, ಆಗಿನ ವಿಕ್ರಮಪುರದಲ್ಲಿ. ಆ ಊರಿನಲ್ಲಿ ಆಕೆಯ ಬಿರುದನ್ನೇ ಹೊತ್ತ ಗುಣದಬೆಡಂಗಿ ಜಿನಾಲಯವಿತ್ತು.

ಕತ್ತಿಯ ಮಾತನ್ನೇ ಹಿಡಿದು ಆಕೆಯನ್ನು ವೀರವನಿತೆಯರ ಸಾಲಿಗೆ ಸೇರಿಸಿ ಸುಮ್ಮನಾದರೆ ನಷ್ಟ ನಮ್ಮದೇ. ಕಿತ್ತೂರು ಚೆನ್ನಮ್ಮ, ಕೆಳದಿಯ ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ ಇವರನ್ನೆಲ್ಲ ನಾವು ಕುದುರೆಯ ಮೇಲೆ ಕೂರಿಸಿ ಕೈಗೆ ಕತ್ತಿ ಕೊಟ್ಟು ಪ್ರತಿಮೆ ಮಾಡಿದ್ದೇವೆ. ಕತ್ತಿ ಹಿಡಿದದ್ದು ಅವರ ಬದುಕಿನ ಕೆಲವು ದಿನ. ಉಳಿದ ದಿನವೆಲ್ಲ ಅವರು ಕಂದಾಯ, ಸುಂಕ, ವ್ಯಾಜ್ಯ, ಧಾನ್ಯ, ಕೆರೆಗಳ ಲೆಕ್ಕ ನೋಡಿದರು. ಅಕ್ಕಾದೇವಿಯ ವಿಷಯದಲ್ಲಿ ನಮ್ಮ ಪುಣ್ಯಕ್ಕೆ ಆ ಇನ್ನೊಂದು ಮುಖವೂ ಕಲ್ಲಿನ ಮೇಲೆ ಉಳಿದಿದೆ. 1022ರ ಬೇಲೂರಿನ ಶಾಸನ ನೋಡಿ (ಹಾಸನದ ಬೇಲೂರಲ್ಲ, ಬಾದಾಮಿಯ ಹತ್ತಿರದ್ದು). ಅಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರಿಗೆ ಗುಡಿ ಕಟ್ಟಿಸಿದ ಆಕೆ 500 ವಿದ್ಯಾರ್ಥಿಗಳ ಊಟ ಬಟ್ಟೆಗೆ ದತ್ತಿ ಬಿಟ್ಟಳು. 500 ಹುಡುಗರಿಗೆ ದಿನಾ ಊಟ ಹಾಕುವುದೆಂದರೆ ಜೋಳ, ಬೇಳೆ, ತುಪ್ಪ, ಸೌದೆ, ಅಡುಗೆಯವರು, ಇಷ್ಟನ್ನೂ ವರ್ಷಾನುಗಟ್ಟಲೆ ಪೂರೈಸುವ ಹೊಲಗಳು, ಆ ಹೊಲಗಳ ಫಸಲಿನ ಲೆಕ್ಕ. ಇದು ಆಡಳಿತ ಬಲ್ಲವರ ಕೆಲಸ.

ಆ ಕಾಲದಲ್ಲಿ ಆಕೆ ಒಬ್ಬಂಟಿಯೂ ಅಲ್ಲ. ಸೋಮೇಶ್ವರನ ರಾಣಿ ಮೈಲಲದೇವಿ 1053ರಲ್ಲಿ ಬನವಾಸಿ ಪನ್ನಿರ್ಚ್ಛಾಸಿರವನ್ನು ಆಳುತ್ತಿದ್ದಳು. ಇನ್ನೊಬ್ಬ ರಾಣಿ ಕೇತಲದೇವಿಯ ಕೈಯಲ್ಲಿ 1054ರಲ್ಲಿ ಪೊನ್ನವಾಡದ ಅಗ್ರಹಾರವಿತ್ತು. ಅವರಿಗಿಂತ ನೂರು ವರ್ಷಕ್ಕೂ ಮೊದಲು, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ, ತೀರಿಕೊಂಡಾಗ ಆ ಹುದ್ದೆ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ದಕ್ಷತೆಯಿಂದ ನಾಡು ನೋಡಿಕೊಂಡಳೆಂದು ಬಂದಳಿಕೆಯ ಶಾಸನ ಹೇಳುತ್ತದೆ, ಅದೂ "ಹೆಣ್ಣಾಗಿದ್ದರೂ" ಎಂಬ ಅರ್ಥದ ಮಾತು ಸೇರಿಸಿ. ಹೊಗಳುವಾಗಲೂ ಆ ಒಂದು ಮಾತು ಬಿಡಲಾಗಲಿಲ್ಲ. ಅಕ್ಕಾದೇವಿಯ ಸ್ಥಾನ ಇವರೆಲ್ಲರಿಗಿಂತ ಭಿನ್ನ. ಆಕೆ ಹುದ್ದೆಗೆ ಬಂದದ್ದು ರಾಣಿಯಾಗಿ ಅಲ್ಲ, ವಿಧವೆಯಾಗಿಯೂ ಅಲ್ಲ, ಮನೆಮಗಳಾಗಿ.

1050ರ ಸೂಡಿ

ಹನ್ನೊಂದನೇ ಶತಮಾನದ ಮೊದಲರ್ಧ ಈ ನಾಡಿಗೆ ಒಳ್ಳೆಯ ಕಾಲವಲ್ಲ. ಚೋಳರಿಗೂ ಚಾಲುಕ್ಯರಿಗೂ ಆಂಧ್ರದ ವೆಂಗಿ ನಾಡಿಗಾಗಿ, ತುಂಗಭದ್ರೆಯ ಎರಡೂ ದಂಡೆಗಾಗಿ ಮೂರು ತಲೆಮಾರು ಕದನ ನಡೆಯಿತು. 1007ರ ಹೊತ್ತೂರಿನ ಶಾಸನದ ಪ್ರಕಾರ ಚೋಳರ ದಂಡು ವಿಜಯಪುರದ ಕಡೆಯ ದೋಣೂರಿನವರೆಗೂ ಬಂದು ನಾಡನ್ನು ಸೂರೆಮಾಡಿ, ಹೆಂಗಸರು ಮಕ್ಕಳೆನ್ನದೆ ಕೊಂದಿತು. ಅಲ್ಲಿ ಹೇಳಿದ ದಂಡಿನ ಸಂಖ್ಯೆ 9 ಲಕ್ಷ. ಲೆಕ್ಕ ಏನೇ ಇರಲಿ, ಬರೆಸಿದವರ ಎದೆಯೊಳಗಿನ ಭಯ ಅದರಲ್ಲಿದೆ. 1040ರ ದಶಕದಲ್ಲಿ ರಾಜಾಧಿರಾಜ ಚೋಳ ಕಲ್ಯಾಣವನ್ನೇ ಹೊಕ್ಕ. ಅಲ್ಲಿಂದ ಅವನು ಹೊತ್ತೊಯ್ದ ದ್ವಾರಪಾಲಕನ ವಿಗ್ರಹ ಇಂದಿಗೂ ತಮಿಳುನಾಡಿನಲ್ಲಿದೆ, ಅದರ ಪೀಠದ ಮೇಲೆ ಗೆದ್ದು ತಂದದ್ದೆಂಬ ಬರಹವಿದೆ. ರಾಜಧಾನಿಯ ಗತಿಯೇ ಹೀಗಾದಾಗ ದಂಡು ಹಾಯುವ ದಾರಿಯ ಪಟ್ಟಣಗಳ ಗತಿ ಏನು?

ಸೂಡಿ ಅಂಥ ಒಂದು ಪಟ್ಟಣ. ಆ ಕಾಲದ ವ್ಯಾಪಾರದ ಊರುಗಳಿಗೆ ತಮ್ಮದೇ ಕಟ್ಟಳೆ ಇರುತ್ತಿತ್ತು. ಯಾವ ಸೆಟ್ಟಿಗಳು ಕೂಡಿ ಊರಿನ ಮಾತು ಆಡಬೇಕು, ಯಾವ ಒಕ್ಕಲುಗಳು ಆ ಒಕ್ಕೂಟದೊಳಗೆ ಸೇರಿದವು, ತೆರಿಗೆ ಎಷ್ಟು, ರಿಯಾಯಿತಿ ಏನು, ಗುಡಿಯ ದತ್ತಿಯನ್ನು ಕಾಯುವವರು ಯಾರು ಎಂಬುದೆಲ್ಲ ಅರಸು ಮನೆಯವರು ಒಪ್ಪಿಕೊಟ್ಟ ಕಟ್ಟಳೆಯ ಮೇಲೆ ನಿಲ್ಲುತ್ತಿತ್ತು. ಯುದ್ಧ ಬಂದಾಗ ಮನೆ ಸುಡುವುದು ಕಣ್ಣಿಗೆ ಕಾಣುತ್ತದೆ, ಕಟ್ಟಳೆ ಸಡಿಲುವುದು ಕಾಣುವುದಿಲ್ಲ. ಒಕ್ಕಲು ಊರು ಬಿಡುತ್ತದೆ, ಸೆಟ್ಟಿ ಸಾಯುತ್ತಾನೆ, ಅವನ ಜಾಗಕ್ಕೆ ಯಾರೆಂದು ತೀರ್ಮಾನವಾಗುವುದಿಲ್ಲ. ನಾಲ್ಕು ವರ್ಷ ಹೀಗೇ ಹೋದರೆ ಬಲವಿದ್ದವನ ಬಾಯಿಮಾತೇ ಕಟ್ಟಳೆಯಾಗುತ್ತದೆ.

1050ರ ಸೂಡಿಯ ಶಾಸನ ಈ ಸ್ಥಿತಿಗೆ ಉತ್ತರ. ಚೋಳರೊಡನೆಯ ಯುದ್ಧದ ಒತ್ತಡದಲ್ಲಿ ಕೆಲಮಟ್ಟಿಗೆ ಮುರಿದುಬಿದ್ದಿದ್ದ ಊರ ಕಟ್ಟಳೆಯನ್ನು ಅಕ್ಕಾದೇವಿಯ ಏಳು ಮಂತ್ರಿಗಳು ಒಟ್ಟಾಗಿ ಕೂತು ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಹೊಸದಾಗಿ ಮಾಡಿಕೊಟ್ಟರು. ಏಳು, ಎಂಟು, ಎಂಬತ್ತು. ನನಗೆ ಈ ಮೂರು ಸಂಖ್ಯೆಗಳ ಮೇಲೆ ಬಹಳ ಅಭಿಮಾನ. ಆಳುವ ಕಡೆ ಎಷ್ಟು ಜನ, ಊರ ಮುಖಂಡರು ಎಷ್ಟು, ಅವರ ಹಿಂದೆ ಇರುವ ಮನೆಗಳು ಎಷ್ಟು ಎಂಬುದು ಸ್ಪಷ್ಟವಾಗಿದೆ. ಅದೂ ಕಲ್ಲಿನ ಮೇಲೆ, ಯಾರೂ ನಾಳೆ ಬಂದು "ನನಗೆ ಗೊತ್ತಿರಲಿಲ್ಲ" ಎನ್ನಲಾಗದಂತೆ.

ಈ ಶಾಸನವನ್ನು ಓದಿದವರು ಸುಲಭವಾಗಿ ಒಂದು ಮಾತು ಆಡಬಹುದು: ಕೆಲಸ ಮಾಡಿದವರು ಏಳು ಗಂಡಸರು, ಅಕ್ಕಾದೇವಿಯದು ಬರೀ ಹೆಸರು. ಮೊದಮೊದಲು ನನಗೂ ಆ ಅನುಮಾನ ಬಂದಿತ್ತು. ಆದರೆ ಯಾವ ದೊರೆಯ ಶಾಸನದಲ್ಲಾದರೂ ಮಂತ್ರಿಗಳೇ, ದಂಡನಾಯಕರೇ ಕೆಲಸ ಮಾಡಿರುತ್ತಾರೆ. ಅದನ್ನು ನೋಡಿ ಆ ದೊರೆ ಹೆಸರಿಗಷ್ಟೇ ದೊರೆ ಎಂದು ಯಾರೂ ಹೇಳುವುದಿಲ್ಲ. ಮೂರು ವರ್ಷದ ಹಿಂದಷ್ಟೇ ಗೋಕಾಗೆಯ ಮುತ್ತಿಗೆ ನಡೆಸಿದ್ದವಳು ಆಕೆ. ಒಡತಿ ಎದುರಿಗೆ ಇಲ್ಲದಾಗಲೂ ಏಳು ಜನ ಆಕೆಯ ಹೆಸರಿನಲ್ಲಿ ಕೂತು, ಮಾತಾಡಿ, ಒಂದು ಊರಿನ ಬದುಕನ್ನು ಸರಿಪಡಿಸುತ್ತಾರೆಂದರೆ ಆ ಅಧಿಕಾರ ಗಟ್ಟಿಯಾಗಿತ್ತು ಎಂದೇ ಅರ್ಥ.

ಆ ಏಳು ಜನ ಯಾರಿಗೆ ಉತ್ತರ ಹೇಳಬೇಕಿತ್ತು? ಅಕ್ಕಾದೇವಿಗೆ. ಅವರ ಅನ್ನ ಆಕೆಯ ನಾಡಿನ ಹುಟ್ಟುವಳಿಯಿಂದ ಬರುತ್ತಿತ್ತು. ಅವರು ಮಾಡಿದ್ದು ಕಲ್ಲಿನ ಮೇಲೆ ಬರೆದಿತ್ತು, ಅವರು ಮಂತ್ರಿಗಳೆಂದು ಎಲ್ಲರಿಗೂ ಗೊತ್ತಿತ್ತು. ಇದೊಂದನ್ನು ನೆನಪಿಟ್ಟುಕೊಂಡು ಈಗಿನ ಕಾಲಕ್ಕೆ ಬನ್ನಿ.

ಇನ್ನೊಂದು ಊರು, 2021

ಕರ್ನಾಟಕದ ಮಟ್ಟಿಗೆ ಹೆಣ್ಣುಮಕ್ಕಳು ಊರಾಡಳಿತಕ್ಕೆ ಹಿಂಡು ಹಿಂಡಾಗಿ ಬಂದದ್ದು 1987ರ ಜನವರಿಯಲ್ಲಿ. ರಾಮಕೃಷ್ಣ ಹೆಗಡೆ ಸರಕಾರ 1983ರಲ್ಲಿ ಮಾಡಿದ್ದ ಕಾಯ್ದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಶೇಕಡಾ 25 ಸ್ಥಾನ ಹೆಣ್ಣುಮಕ್ಕಳಿಗೆ ಇಟ್ಟಿತ್ತು. ಅದರ ಹಿಂದಿನ ಶಕ್ತಿ ಅಬ್ದುಲ್ ನಜೀರ್ ಸಾಬರು, ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಎನಿಸಿಕೊಂಡವರು. ದೇಶಕ್ಕೆಲ್ಲ ಸಂವಿಧಾನದ 73ನೇ ತಿದ್ದುಪಡಿ ಬಂದು ಮೂರನೇ ಒಂದು ಭಾಗ ಮೀಸಲಾದದ್ದು ಆರು ವರ್ಷದ ಮೇಲೆ, 1993ರಲ್ಲಿ. 2010ರಲ್ಲಿ ನಮ್ಮ ರಾಜ್ಯ ಅದನ್ನು ಶೇಕಡಾ 50ಕ್ಕೆ ಏರಿಸಿತು. ಸುಮಾರು 6000 ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸದಸ್ಯರು, ಅರ್ಧದಷ್ಟು ಅಧ್ಯಕ್ಷರು ಹೆಣ್ಣುಮಕ್ಕಳು. ವಿಧಾನಸಭೆಯ ಕಡೆ ತಿರುಗಿ ನೋಡಿದರೆ 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದವರು 10 ಜನ. ಕೆ.ಎಸ್. ನಾಗರತ್ನಮ್ಮನವರು 1972ರಲ್ಲೇ ಸಭಾಧ್ಯಕ್ಷರ ಪೀಠದಲ್ಲಿ ಕೂತಿದ್ದ ಸಭೆ ಅದು. ಮೀಸಲಾತಿ ಇರುವ ಕಡೆಗೂ ಇಲ್ಲದ ಕಡೆಗೂ ಇರುವ ಅಂತರ ಇಷ್ಟು.

2020ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದು, ಮುಂದಿನ ಫೆಬ್ರುವರಿಯಲ್ಲಿ ಅಧ್ಯಕ್ಷೆಯಾದವರು ಇಲ್ಲಿಯ ಎರಡನೇ ವ್ಯಕ್ತಿ. ಊರಿನ ಹೆಸರು ಬೇಡ. ಅವರನ್ನು ಊರವರು ಕರೆಯುವಂತೆ ಅಕ್ಕಾರು ಎಂದೇ ಕರೆಯುತ್ತೇನೆ. ಏಳನೇ ಇಯತ್ತೆವರೆಗೆ ಓದಿದವರು. ಸ್ವಂತದ ಎರಡು ಎಕರೆ ಹೊಲ, ಅದು ಸಾಲದೆ ಬೇರೆಯವರ ಹೊಲದಲ್ಲಿ ಕಸ ತೆಗೆಯಲು, ಹೆಸರು ಬಿಡಿಸಲು ಹೋಗುತ್ತಿದ್ದರು. ಅಧ್ಯಕ್ಷ ಸ್ಥಾನ ಅವರ ವರ್ಗದ ಮಹಿಳೆಗೆ ಮೀಸಲಾಗಿ ಬಂತು, ಪಂಚಾಯಿತಿಯಲ್ಲಿ ಆ ವರ್ಗದ ಹೆಣ್ಣುಮಕ್ಕಳು ಅವರೊಬ್ಬರೇ ಇದ್ದರು.

ಮೊದಲ ವರ್ಷ ಸಭೆ ನಡೆಯುತ್ತಿದ್ದ ರೀತಿಯನ್ನು ನಾನೇ ನೋಡಿದ್ದೇನೆ. ಉದ್ದನೆಯ ಮೇಜು, ನಡುವೆ ಅಧ್ಯಕ್ಷರ ಕುರ್ಚಿ, ಅದಕ್ಕೆ ತಾಗಿ ಒಂದು ಪ್ಲಾಸ್ಟಿಕ್ ಕುರ್ಚಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಯಜಮಾನರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಜೆಂಡಾ ಓದುವಾಗ ಮುಖ ತಿರುಗಿಸುತ್ತಿದ್ದುದು ಯಜಮಾನರ ಕಡೆಗೆ. ಸದಸ್ಯರೊಬ್ಬರು ಎದ್ದು, "ಸಾಹುಕಾರ್ರ, ನಮ್ಮ ವಾರ್ಡಿನ ಚರಂಡಿ ಏನ್ ಮಾಡಿದ್ರಿ?" ಎಂದು ಕೇಳಿದ್ದೂ ಅವರನ್ನೇ. ಅವರು ಉತ್ತರ ಕೊಟ್ಟರು. ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಬರೆದದ್ದು: "ಅಧ್ಯಕ್ಷರು ಮಾತನಾಡಿ, ಸದರಿ ಕಾಮಗಾರಿಯನ್ನು ಶೀಘ್ರವೇ ಕೈಗೊಳ್ಳಲಾಗುವುದೆಂದು ತಿಳಿಸಿದರು." ಅಕ್ಕಾರು ಆ ಎರಡು ತಾಸು ಬಾಯಿ ತೆರೆದದ್ದು ಚಹಾ ತಂದ ಹುಡುಗನಿಗೆ "ಇಲ್ಲಿಡಪಾ" ಅಂದಾಗ ಮಾತ್ರ. ಕೊನೆಯಲ್ಲಿ ಪುಸ್ತಕ ಅವರ ಮುಂದೆ ಬಂತು, ಕಾರ್ಯದರ್ಶಿ ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದರು.

ಯಜಮಾನರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ತಾಲ್ಲೂಕು ಕಚೇರಿಗೆ ಹೋಗಿ ಬರಲು ಅಕ್ಕಾರಿಗೆ ಬೈಕ್ ಬರುವುದಿಲ್ಲ, ಬಸ್ಸು ದಿನಕ್ಕೆರಡು ಸಲ. ರಾತ್ರಿ ಹತ್ತಕ್ಕೆ ಪೈಪ್ ಒಡೆದರೆ ಹೆಣ್ಣುಮಗಳ ಫೋನಿಗೆ ಕರೆ ಮಾಡಲು ಊರವರಿಗೇ ಸಂಕೋಚ. ಹೆಂಡತಿಗೆ ತೊಂದರೆಯಾಗದಿರಲಿ ಎಂದು ಶುರುವಾದದ್ದು ನಿಧಾನಕ್ಕೆ ಅವರ ಅಧಿಕಾರವಾಯಿತು. ಆರು ತಿಂಗಳಲ್ಲಿ ಗುತ್ತಿಗೆದಾರರೂ ಅವರನ್ನೇ ಹುಡುಕಿಕೊಂಡು ಬರತೊಡಗಿದರು.

ಮುಖ್ಯವಾದದ್ದು ಡೋಂಗಲ್. ಪಂಚಾಯಿತಿಯಲ್ಲಿ ಈಗ ಚೆಕ್ ಬರೆಯುವುದಿಲ್ಲ. ಅಧ್ಯಕ್ಷರಿಗೊಂದು, ಪಿಡಿಒಗೊಂದು ಡಿಜಿಟಲ್ ಸಹಿ ಇರುವ ಡೋಂಗಲ್ ಕೊಟ್ಟಿರುತ್ತಾರೆ. ಬೆರಳುದ್ದದ ವಸ್ತು. ಎರಡನ್ನೂ ಒಂದಾದ ಮೇಲೊಂದು ಕಂಪ್ಯೂಟರಿಗೆ ಸಿಕ್ಕಿಸಿ ಪಾಸ್‌ವರ್ಡ್ ಒತ್ತಿದರೆ ಹಣ ಹೋಗುತ್ತದೆ. ಅಕ್ಕಾರ ಡೋಂಗಲ್ ಯಜಮಾನರ ಬೈಕಿನ ಕೀಲಿಗೊಂಚಲಿನಲ್ಲಿ ತೂಗುತ್ತಿತ್ತು. ಪಾಸ್‌ವರ್ಡ್ ಅಕ್ಕಾರಿಗೆ ಗೊತ್ತೇ ಇರಲಿಲ್ಲ.

2022ರ ಮಳೆಗಾಲದ ಹೊತ್ತಿಗೆ ಅರ್ಧಕ್ಕೆ ನಿಂತ ಚರಂಡಿಯೊಂದಕ್ಕೆ ಪೂರ್ತಿ ಬಿಲ್ ಹೋಗಿದೆಯೆಂದು ಊರವರೊಬ್ಬರು ಮೇಲಕ್ಕೆ ದೂರು ಕೊಟ್ಟರು. ನೋಟಿಸು ಬಂತು. ಬಂದದ್ದು ಅಕ್ಕಾರ ಹೆಸರಿಗೆ. ಆ ವಾರದ ತರಬೇತಿಯಲ್ಲಿ ಊಟದ ಬಿಡುವಿನಾಗ ಅವರು ನನ್ನ ಹತ್ತಿರ ಬಂದು, ಸೆರಗಿನಲ್ಲಿ ಸುತ್ತಿಟ್ಟಿದ್ದ ಕಾಗದ ಬಿಚ್ಚಿ ಕೈಗಿತ್ತರು.

"ಸರ್, ಇದ್ರಾಗ ಏನೈತಿ ಓದಿ ಹೇಳ್ರಿ. ಮನ್ಯಾಗ ಕೇಳಿದ್ರ ಏನೂ ಆಗೂದಿಲ್ಲ ಬಿಡು ಅಂತಾರ."

ಓದಿ ಹೇಳಿದೆ. ಹಣ ದುರುಪಯೋಗವೆಂದು ಸಾಬೀತಾದರೆ ವಸೂಲಿ ಯಾರಿಂದ ಆಗುತ್ತದೆ ಎಂಬುದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಂದ್ರ ಸಹಿ ನಂದು, ಕೆಲಸ ನಂದಲ್ಲ, ದಂಡ ನಂದು. ಅವ್ರ ಹೆಸರ ಇದ್ರಾಗ ಎಲ್ಲೂ ಇಲ್ಲೇನ್ರಿ?"

"ಇಲ್ರಿ ಅಕ್ಕಾರ."

ಆ "ಎಲ್ಲೂ ಇಲ್ಲ" ಎಂಬುದರಲ್ಲಿ ಇಡೀ ಪ್ರಕರಣವಿದೆ. ಸೂಡಿಯಲ್ಲಿ ಒಡತಿಯ ಹೆಸರಿನಲ್ಲಿ ಏಳು ಜನ ಕೆಲಸ ಮಾಡಿದರು, ಕಲ್ಲು ಅದನ್ನು ಅವರ ಕೆಲಸವೆಂದೇ ಹೇಳುತ್ತದೆ, ಅವರ ಮೇಲೆ ಒಡತಿ ಇದ್ದಳು. ಇಲ್ಲಿ ಅಧ್ಯಕ್ಷೆಯ ಹೆಸರಿನಲ್ಲಿ ಒಬ್ಬರು ಕೆಲಸ ಮಾಡಿದರು, ಅವರು ಯಾವ ಕಾಗದದಲ್ಲೂ ಇಲ್ಲ, ಅವರ ಮೇಲೆ ಯಾರೂ ಇಲ್ಲ. ಬೇರೆಯವರು ಆಕೆಯ ಪರವಾಗಿ ಕೆಲಸ ಮಾಡುವುದು ಎರಡೂ ಕಡೆ ಒಂದೇ. ಉತ್ತರ ಹೇಳಬೇಕಾದ ದಿಕ್ಕು ಮಾತ್ರ ತಿರುಗಿಬಿಟ್ಟಿದೆ. ಅಲ್ಲಿ ಮಂತ್ರಿಗಳು ಆಕೆಗೆ ಉತ್ತರ ಹೇಳಬೇಕಿತ್ತು, ಇಲ್ಲಿ ಗಂಡ ಮಾಡಿದ್ದಕ್ಕೆ ಹೆಂಡತಿ ಉತ್ತರ ಹೇಳಬೇಕು.

ಅಂದು ಮನೆಗೆ ಹೋದವರು ಕೀಲಿಗೊಂಚಲಿನಿಂದ ಡೋಂಗಲ್ ಬಿಚ್ಚಿಕೊಂಡರು. ಏನು ಮಾತಾಯಿತೋ, ಎಷ್ಟು ಜೋರಾಯಿತೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ತಿಂಗಳು ನೋಡಿದಾಗ ಅದು ಅವರ ಎಲೆ ಅಡಿಕೆಯ ಸಂಚಿಯಲ್ಲಿತ್ತು, ಸುಣ್ಣದ ಡಬ್ಬಿಯ ಜೊತೆಗೆ. ಕಚೇರಿಯ ಕಂಪ್ಯೂಟರ್ ಆಪರೇಟರ್ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸ ಪಾಸ್‌ವರ್ಡ್ ಹಾಕಿಸಿಕೊಂಡಿದ್ದರು. ಬಿಲ್ ಬಂದರೆ ಕಾಮಗಾರಿಯ ಅಳತೆ ಬರೆಯುವ ಎಂಬಿ ಪುಸ್ತಕ ತನ್ನಿ ಅನ್ನುತ್ತಿದ್ದರು, ಅಳತೆ ಓದಿಸುತ್ತಿದ್ದರು, ಆಮೇಲೆ ಎದ್ದು ಕಾಮಗಾರಿ ಆದ ಕಡೆ ನಡೆದೇ ಹೋಗಿ ಹೆಜ್ಜೆ ಹಾಕಿ ಎಣಿಸುತ್ತಿದ್ದರು. ಹೊಲದಲ್ಲಿ ಸಾಲು ಎಣಿಸಿ ಗೊತ್ತಿದ್ದ ಹೆಣ್ಣುಮಗಳು. ಇಂಜಿನಿಯರ್ ಹೇಳಿದ ಮೀಟರಿಗೂ ಅವರ ಹೆಜ್ಜೆಗೂ ತಾಳೆಯಾಗದ ದಿನ ಡೋಂಗಲ್ ಸಂಚಿಯಿಂದ ಹೊರಗೆ ಬರುತ್ತಿರಲಿಲ್ಲ.

ಅವರು ಕೈಹಾಕಿದ ಎರಡನೇ ಕೆಲಸ ನೀರು. ಊರ ತುದಿಯ ಕೇರಿಗೆ ಎಂಟು ದಿನಕ್ಕೊಮ್ಮೆ ನೀರು, ಅಗಸಿ ಹತ್ತಿರದ ಮನೆಗಳಿಗೆ ಎರಡು ದಿನಕ್ಕೊಮ್ಮೆ. ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾವ ಸಭೆಯಲ್ಲೂ ಬಾರದ ಸಂಗತಿ. ಅಕ್ಕಾರು ನೀರಗಂಟಿಗೆ ಒಂದು ನೋಟುಬುಕ್ ಕೊಟ್ಟರು. ಯಾವ ವಾಲ್ವ್ ಎಷ್ಟು ಗಂಟೆಗೆ ತೆರೆದೆ, ಎಷ್ಟಕ್ಕೆ ಮುಚ್ಚಿದೆ ಬರಿ. ಬರೆದ ಪುಟಕ್ಕೆ ಆ ಓಣಿಯ ಒಬ್ಬ ಹೆಣ್ಣುಮಗಳ ಸಹಿಯೋ ಹೆಬ್ಬೆಟ್ಟೋ ಬೇಕು. ಇಷ್ಟೇ. ಎರಡು ತಿಂಗಳಲ್ಲಿ ಕೇರಿಗೆ ಮೂರು ದಿನಕ್ಕೊಮ್ಮೆ ನೀರು ಬರತೊಡಗಿತು. ಹೊಸ ಬೋರ್ ಹಾಕಿರಲಿಲ್ಲ, ಹೊಸ ಟ್ಯಾಂಕ್ ಕಟ್ಟಿರಲಿಲ್ಲ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ಹೋಲಿಸಿ ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತ್ತು: ಹೆಣ್ಣು ಮುಖ್ಯಸ್ಥೆ ಇರುವ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗುತ್ತದೆ. ಕೊಡ ಹೊರುವವರು ಯಾರೆಂದು ಗೊತ್ತಿದ್ದರೆ ಇದರಲ್ಲಿ ಆಶ್ಚರ್ಯವಿಲ್ಲ.

ಕಾಲ ಸಾಲದ್ದು

ಅಕ್ಕಾರ ಅವಧಿ ಮುಗಿದದ್ದು 2023ರ ಆಗಸ್ಟಿನಲ್ಲಿ. ಮೂವತ್ತು ತಿಂಗಳಲ್ಲಿ ಹದಿನೇಳು ಹದಿನೆಂಟು ತಿಂಗಳು ಪ್ಲಾಸ್ಟಿಕ್ ಕುರ್ಚಿಯ ಪಕ್ಕದಲ್ಲಿ ಕಳೆದುಹೋಯಿತು, ಅವರೇ ಅಧ್ಯಕ್ಷೆಯಾಗಿದ್ದದ್ದು ಉಳಿದ ಒಂದು ವರ್ಷ. 2015ರ ತಿದ್ದುಪಡಿ ಅಧ್ಯಕ್ಷರ ಅವಧಿಯನ್ನು ಐದು ವರ್ಷ ಮಾಡಿತ್ತು. 2020ರ ತಿದ್ದುಪಡಿ ಅದನ್ನು ಮತ್ತೆ ಮೂವತ್ತು ತಿಂಗಳಿಗೆ ಇಳಿಸಿತು. ಹೆಚ್ಚು ಜನರಿಗೆ ಅವಕಾಶ ಸಿಗಲಿ ಎಂಬ ವಾದವನ್ನು ನಾನು ಕೇಳಿದ್ದೇನೆ. ಮೊದಲ ಸಲ ಮನೆಯಿಂದ ಹೊರಬಿದ್ದ ಹೆಣ್ಣುಮಗಳಿಗೆ ಕಡತದ ಭಾಷೆ ತಿಳಿಯಲು ಒಂದು ವರ್ಷ, ಭಯ ಬಿಡಲು ಇನ್ನೊಂದು ವರ್ಷ ಬೇಕು. ಅಷ್ಟರಲ್ಲಿ ಇಳಿ ಎಂದರೆ ಆ ಅವಧಿಯಿಂದ ಲಾಭವಾಗುವುದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೆ. ನನ್ನ ಮಟ್ಟಿಗೆ ಇದು ಸ್ಪಷ್ಟವಾಗಿ ತಪ್ಪು ತೀರ್ಮಾನ.

ಪಶ್ಚಿಮ ಬಂಗಾಳದಲ್ಲೇ ನಡೆದ ಇನ್ನೊಂದು ಅಧ್ಯಯನ ಇದನ್ನು ಬಲಪಡಿಸುತ್ತದೆ. ಎರಡು ಅವಧಿ ಹೆಣ್ಣಿಗೆ ಮೀಸಲಾಗಿದ್ದ ಊರುಗಳಲ್ಲಿ, ಮೀಸಲಾತಿ ಹೋದ ಮೇಲೂ ಹೆಣ್ಣುಮಕ್ಕಳು ಸಾಮಾನ್ಯ ಸ್ಥಾನಕ್ಕೆ ನಿಂತು ಗೆಲ್ಲುವುದು ಹೆಚ್ಚಿತ್ತು. ಒಂದೇ ಅವಧಿ ಇದ್ದ ಕಡೆ ಆ ಬದಲಾವಣೆ ಕಾಣಲಿಲ್ಲ. ಕಿಸುಕಾಡಿನವರು ಒಬ್ಬ ಹೆಣ್ಣಿನ ಆಜ್ಞೆಯನ್ನು ಐವತ್ತು ವರ್ಷ ಕೇಳಿದವರು. ಅಷ್ಟನ್ನು ಯಾರೂ ಕೇಳುತ್ತಿಲ್ಲ, ಪೂರ್ತಿ ಐದು ವರ್ಷವಾದರೂ ಕೊಡಿ.

ಹಾಗೆಂದು ಹಳೆಯ ಕಾಲವನ್ನು ಹೊತ್ತು ಕುಣಿಯುವವನು ನಾನಲ್ಲ. ಅಕ್ಕಾದೇವಿಗೆ ಅಧಿಕಾರ ಬಂದದ್ದು ಹುಟ್ಟಿನಿಂದ. ಇಬ್ಬರು ದೊರೆಗಳ ಒಡಹುಟ್ಟಿದವಳಾಗಿರದಿದ್ದರೆ ಆಕೆಯ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ. ಆ ಎಂಬತ್ತು ಒಕ್ಕಲಿನ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿದ್ದರು. ಕಟ್ಟಳೆ ಮಾಡುವಾಗ ಅವರನ್ನು ಯಾರೂ ಕರೆದಿರಲಾರರು. ಆಕೆ ಊಟ ಹಾಕಿದ 500 ವಿದ್ಯಾರ್ಥಿಗಳಲ್ಲಿ ಹುಡುಗಿಯರಿದ್ದರೆಂದು ನಂಬಲು ಕಾರಣವಿಲ್ಲ. ಬೇರೆಯವರ ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಗಳೊಬ್ಬಳು ಊರ ಹಣಕ್ಕೆ ಕೀಲಿ ಹಿಡಿಯುವುದು 1050ರ ಸೂಡಿಯಲ್ಲಿ ಯಾರ ಕನಸಿನಲ್ಲೂ ಬರುವ ಮಾತಲ್ಲ. ಅದನ್ನು ಸಾಧ್ಯ ಮಾಡಿದ್ದು ನಮ್ಮ ಕಾಲದ ಕಾಯ್ದೆ, ಆ ಕಾಯ್ದೆಯನ್ನು ನಾನು ಎದೆಗವಚಿಕೊಳ್ಳುತ್ತೇನೆ. ಅಕ್ಕಾದೇವಿಯ ಹತ್ತಿರ ಇದ್ದು ಅಕ್ಕಾರ ಹತ್ತಿರ ಇಲ್ಲದ್ದು ಏನೆಂದು ನೋಡಿ ಅದನ್ನು ತುಂಬಿಕೊಡುವುದು ಈಗಿನ ಕೆಲಸ.

ಗಂಡಂದಿರ ದರ್ಬಾರಿನ ಬಗ್ಗೆ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಒಂದು ಸಮಿತಿ ಮಾಡಿತು. ಹೆಂಡತಿಯ ಹೆಸರಿನಲ್ಲಿ ಅಧಿಕಾರ ಚಲಾಯಿಸುವವರಿಗೆ ಕಠಿಣ ದಂಡ ಹಾಕಬೇಕೆಂದು 2025ರಲ್ಲಿ ಬಂದ ಅದರ ವರದಿ ಹೇಳಿದೆ. ದಂಡ ಬೇಕು. ಆದರೆ ದಂಡದಿಂದ ಪ್ಲಾಸ್ಟಿಕ್ ಕುರ್ಚಿ ಸಭೆಯ ಕೋಣೆಯಿಂದ ಹೊರಗೆ ಹೋಗಬಹುದು, ಅಡುಗೆಮನೆಗೆ ಬಂದು ಕೂತರೆ ಯಾವ ಅಧಿಕಾರಿ ನೋಡಿಯಾನು? ಪಿಡಿಒ ಅಧ್ಯಕ್ಷೆಯ ಫೋನಿಗೇ ಕರೆ ಮಾಡಬೇಕು, ಅಧ್ಯಕ್ಷೆಯ ಕಡೆಗೇ ಮುಖ ತಿರುಗಿಸಿ ಅಜೆಂಡಾ ಓದಬೇಕು. ತಾಲ್ಲೂಕಿಗೆ ಹೋಗಿಬರಲು ಅವರಿಗೆ ಗಾಡಿಯ ವ್ಯವಸ್ಥೆ ಬೇಕು. ಮೊದಲ ತಿಂಗಳಲ್ಲೇ ಡೋಂಗಲ್ಲನ್ನು ಅವರ ಕೈಗೇ ಕೊಟ್ಟು, ಅವರ ಬೆರಳಿನಿಂದಲೇ ಪಾಸ್‌ವರ್ಡ್ ಒತ್ತಿಸಬೇಕು. ನನ್ನ ತರಬೇತಿಯಲ್ಲಿ ಈಗ ನಾನು ಮೊದಲ ದಿನ ಕಾಯ್ದೆ ಹೇಳುವುದಿಲ್ಲ. ಡೋಂಗಲ್ ಯಾರ ಹತ್ತಿರ ಇದೆ, ಕೈ ಎತ್ತಿ ತೋರಿಸಿ ಎನ್ನುತ್ತೇನೆ. ಒಬ್ಬಿಬ್ಬರು ತೋರಿಸುತ್ತಾರೆ. ಉಳಿದವರು ಬಾಗಿಲ ಕಡೆ ನೋಡುತ್ತಾರೆ.

ಅಕ್ಕಾರ ನಂತರ ಅಧ್ಯಕ್ಷ ಸ್ಥಾನ ಬೇರೆ ವರ್ಗಕ್ಕೆ ಹೋಯಿತು. ಅವರು ಸದಸ್ಯೆಯಾಗಿ ಉಳಿದರು. ನೋಟಿಸಿನ ವಿಚಾರಣೆ ಅಷ್ಟರಲ್ಲಿ ಮುಗಿದಿತ್ತು, ಚರಂಡಿಯ ಉಳಿದ ಅರ್ಧವನ್ನು ಗುತ್ತಿಗೆದಾರನಿಂದಲೇ ಮಾಡಿಸಿ ಮುಗಿಸಿದ್ದರು. ಹೋದ ವರ್ಷ ಅವರ ಊರಿಗೆ ಹೋದಾಗ ಮಹಿಳಾ ಗ್ರಾಮಸಭೆ ನಡೆದಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕಾರು ಎದ್ದು, ನೀರಗಂಟಿಯ ನೋಟುಬುಕ್ ಯಾಕೆ ನಿಂತಿದೆ ಎಂದು ಕೇಳಿದರು. ಹೊಸ ಅಧ್ಯಕ್ಷರು ನೋಡೋಣ ಎಂದರು. ಅಕ್ಕಾರು ಕೂರಲಿಲ್ಲ. "ನೋಡೂದಲ್ರಿ, ಇಲ್ಲೇ ಠರಾವು ಬರೀರಿ" ಎಂದು ಕಾರ್ಯದರ್ಶಿಯ ಪೆನ್ನು ಪುಸ್ತಕದ ಮೇಲೆ ಇಳಿಯುವವರೆಗೆ ನಿಂತೇ ಇದ್ದರು.